ಹಳದಿ ಚುಕ್ಕೆ ಇಟ್ಟವರಿಗೆ ಒಂದು ಅಹವಾಲು

ಮಾನ್ಯರೇ,

ಎಂದೋ ಒಂದು ಕಾಲದಲ್ಲಿ ಆಸಿಲೋಸ್ಕೋಪ್ ಕಾರ್ಖಾನೆಯೊಂದರಲ್ಲಿ ಕುಳಿತು, ಅದರ ಹೊಟ್ಟೆಯೊಳಗಿನ ಪ್ರತಿಯೊಂದು ಬಿಡಿಭಾಗಕ್ಕೂ ನಂಬರು ದಯಪಾಲಿಸಿದ ಮಹನೀಯರಾದ ತಮಗೆ, ಮನೆಯ ಮುಂದಿನ ಕೋಣೆಯಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿರುವ ಹೆಂಗಸೊಬ್ಬಳ ಸಾಷ್ಟಾಂಗ ನಮಸ್ಕಾರಗಳು. ತಾವು ಎಲ್ಲಿದ್ದರೂ, ಎಷ್ಟನೇ ನಂಬರಿನ ಮನೆಯಲ್ಲಿದ್ದರೂ, ಕ್ಷೇಮವಾಗಿರುವಿರೆಂದು ನಂಬಿ ಈ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಕಳೆದ ತಿಂಗಳು ನಮ್ಮ ಮಾವನವರ ರೇಡಿಯೋ ಕೆಟ್ಟಿತು. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ದಿನವಿಡೀ ಅದಕ್ಕೆ ಕಿವಿಗೊಟ್ಟು ಕೂತಿರುತ್ತಿದ್ದವರು, ಅದು ಬಾಯಿ ಮುಚ್ಚಿದೊಡನೆ ಅಡುಗೆಮನೆಗೆ ಬಂದು, ಜೀವಮಾನವಿಡೀ ಈರುಳ್ಳಿ ಹೆಚ್ಚಿದ ಅತ್ತೆಯವರಿಗೆ ಈರುಳ್ಳಿ ಹೆಚ್ಚುವ ಕ್ರಮವನ್ನು ಬೋಧಿಸತೊಡಗಿದರು. ಮರುದಿನ ಅತ್ತೆ ನನ್ನ ಮೇಜಿನ ಬಳಿ ಬಂದು ತಣ್ಣಗೆ ಹೇಳಿದರು: "ರೇಡಿಯೋ ಬಿಚ್ಚೋಕೆ ಪುರುಸೊತ್ತಿಲ್ಲ ಅಂದ್ರೆ ಇವರನ್ನಾದರೂ ಬಿಚ್ಚಿ ನೋಡಮ್ಮ."

ರೇಡಿಯೋದ ರೋಗ ತಿಳಿಯಲು, ವಿದ್ಯುತ್ತಿನ ಕುಣಿತವನ್ನು ಪುಟ್ಟ ಪರದೆಯ ಮೇಲೆ ಬೆಳಕಿನ ಗೆರೆಯಾಗಿ ತೋರಿಸುವ ತಮ್ಮ ಆಸಿಲೋಸ್ಕೋಪನ್ನು ಹಚ್ಚಿದೆ. ಗೆರೆ ಮೆಲ್ಲಗೆ ಕೆಳಗೆ ಜಾರಿ ಕಣ್ಮರೆಯಾಯಿತು, ವೈದ್ಯನಿಗೇ ಜ್ವರ. ಅದರ ಮುಚ್ಚಳ ತೆಗೆದು ಹುಡುಕಿದಾಗ ತಪ್ಪಿತಸ್ಥ ಟ್ರಾನ್ಸಿಸ್ಟರೇನೋ ಸಿಕ್ಕಿತು. ಆದರೆ ಅದನ್ನು ಹೆತ್ತ ಕಂಪನಿಯ ನಂಬರನ್ನು ಕೆರೆದುಹಾಕಿ, ಮೇಲೆ ತಮ್ಮದೊಂದು ನಂಬರು ಹೊಡೆದು, ನೆತ್ತಿಗೆ ಹಳದಿ ಚುಕ್ಕೆ ಇಟ್ಟಿದ್ದಿರಿ. ತಮ್ಮ ಕೈಪಿಡಿಯಲ್ಲಿ ಆ ನಂಬರು ಹುಡುಕಿದರೆ ಇನ್ನೊಂದು ನಂಬರು ನೋಡಿ ಎಂದಿತ್ತು. ಅಲ್ಲಿ ನೋಡಿದರೆ 'ಆಯ್ದದ್ದು' ಎಂಬ ಒಂದೇ ಪದ. ಯಾವುದರಿಂದ ಆಯ್ದದ್ದು, ಯಾವ ಗುಣ ಮೆಚ್ಚಿ ಆಯ್ದದ್ದು ಎಂದು ಬಾಯಿಬಿಡದ ತಮ್ಮ ಸಂಯಮಕ್ಕೆ ತಲೆಬಾಗುತ್ತೇನೆ. ನಮ್ಮ ಬೀದಿಯಲ್ಲಿ ಯಾರ ಗುಟ್ಟೂ ಎರಡು ದಿನ ಉಳಿದದ್ದಿಲ್ಲ.

ಹಳೆ ಸಾಮಾನಿನ ಅಂಗಡಿಯಲ್ಲಿ, ಎಲ್ಲರೂ ಡಯೋಡ್ ಮಾಮ ಎಂದು ಕರೆಯುವವರು, ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. "ಎಲ್ಲಾ ಒಂದೇ ತಾಯಿ ಮಕ್ಕಳಮ್ಮ. ಬಣ್ಣ ಬಳಿಸಿಕೊಂಡವು ಕಂಪನಿ ಸೇರಿದವು, ಉಳಿದವು ನನ್ನ ಡಬ್ಬ ಸೇರಿದವು" ಎಂದು ಡಬ್ಬವನ್ನೇ ಕೈಗಿತ್ತರು.

ಅಷ್ಟನ್ನೂ ಒಂದೊಂದಾಗಿ ಸಿಕ್ಕಿಸಿ ನೋಡದೆ ಬೇರೆ ದಾರಿಯಿರಲಿಲ್ಲ. ಅಡುಗೆಮನೆಯಿಂದ ಉಚ್ಚಾಟಿತರಾಗಿದ್ದ ಮಾವನವರನ್ನು ಪರದೆಯ ಮುಂದೆ ಕೂರಿಸಿದೆ. ಒಂದು ಟ್ರಾನ್ಸಿಸ್ಟರಿಗೆ ಗೆರೆ ಚಳಿ ಹಿಡಿದಂತೆ ನಡುಗಿತು, ಇನ್ನೊಂದಕ್ಕೆ ಮೇಲೇರಿ ಓಡಿಹೋಯಿತು, ಮತ್ತೊಂದಕ್ಕೆ ಏಳಲೇ ಇಲ್ಲ. ಮಾವನವರು ಪ್ರತಿಯೊಂದನ್ನೂ ಹೆಸರು ಹಿಡಿದು ಬೈಯಲಾಗದೆ ಸಾಲಿನಲ್ಲಿ ಎಷ್ಟನೆಯದೆಂದು ಎಣಿಸಿ ಬೈದು ಫೇಲು ಮಾಡಿದರು. ಕೊನೆಗೊಂದು ವಕ್ರಕಾಲಿನದು ಗೆರೆಯನ್ನು ನೆಟ್ಟಗೆ ನಿಲ್ಲಿಸಿತು. ಅವರು ತಾವೇ ಬಣ್ಣ ತಂದು ಅದರ ನೆತ್ತಿಗೆ ಹಳದಿ ಚುಕ್ಕೆ ಇಟ್ಟರು. ಗುಣವಾದ ಆಸಿಲೋಸ್ಕೋಪಿನ ನೆರವಿನಿಂದ ಅಂದೇ ರೇಡಿಯೋ ಕೂಡ ಹಾಡಿತು.

ಆದರೆ, ಮಾನ್ಯರೇ, ಕೇಳಲು ಯಾರೂ ಇರಲಿಲ್ಲ. ಮಾವನವರ ಬಳಿ ಬಣ್ಣ ಮಿಕ್ಕಿತ್ತು. ಚಮಚ, ತಟ್ಟೆ, ಚಪ್ಪಲಿ ಎಲ್ಲಕ್ಕೂ ನಂಬರು ಬಿತ್ತು. ಮೆಚ್ಚಿದವಕ್ಕೆ ಚುಕ್ಕೆ ಬಿತ್ತು. ಉಪ್ಪಿನ ಡಬ್ಬದ ಮೇಲೆ 'ಸಕ್ಕರೆ ಡಬ್ಬ ನೋಡಿ' ಎಂದೂ ಸಕ್ಕರೆ ಡಬ್ಬದ ಮೇಲೆ 'ಆಯ್ದದ್ದು' ಎಂದೂ ಬರೆದರು. ನನ್ನ ಗಂಡ ಎರಡನ್ನೂ ನೋಡಿದರು, ಚಹಾಕ್ಕೆ ಒಂದನ್ನು ಹಾಕಿಕೊಂಡು ಕುಡಿದರು, ಕೆಲಸಕ್ಕೆ ಹೋದರು.

ಅತ್ತೆಗೆ ರೇಗಿತು. ತನ್ನ ನಂಬರೆಷ್ಟೆಂದು ಸೌಟು ಹಿಡಿದೇ ಕೇಳಿದರು. ಮಾವನವರು ಕುಂಚವನ್ನು ಕೆಳಗಿಟ್ಟರು.

"ನಂಬರು ಕೊಡೋದು ಬದಲಿ ಸಿಗೋ ಸಾಮಾನಿಗೆ. ನಿನಗ್ಯಾಕೆ?"

ಅತ್ತೆ ಒಲೆಯ ಕಡೆ ತಿರುಗಿಕೊಂಡರು. ಸಾರು ಬಹಳ ಹೊತ್ತು ಕಲಕಿದರು. ಅಂದಿನಿಂದ ಚುಕ್ಕೆಗಳ ವಿರುದ್ಧ ಅವರ ಬಾಯಿಂದ ಒಂದು ಮಾತು ಬಂದಿಲ್ಲ, ನಾನು ದೂರಿದರೆ ನನ್ನ ಮೇಲೇ ಬೀಳುತ್ತಾರೆ. ಆದರೆ ನನಗೂ ನನ್ನ ಗಂಡನಿಗೂ ಅಂದು ಬೆಳಗ್ಗೆಯೇ ನಂಬರು ಬಂದಾಗಿತ್ತು.

ಆದ್ದರಿಂದ ತಾವು ದಯಮಾಡಿ, ತಾವು ಈವರೆಗೆ ಕೊಟ್ಟ ಎಲ್ಲ ನಂಬರುಗಳನ್ನೂ ಕೊಟ್ಟ ದಿನದಿಂದಲೇ ರದ್ದುಪಡಿಸಬೇಕಾಗಿಯೂ, ಅದಾಗದಿದ್ದಲ್ಲಿ ಹಳದಿ ಬಣ್ಣ ಯಾವ ಸೋಪಿಗೆ ಹೋಗುತ್ತದೆಂದಾದರೂ ತಿಳಿಸಬೇಕಾಗಿಯೂ ಬೇಡಿಕೊಳ್ಳುತ್ತೇನೆ. ಗಂಡನ ಕಿವಿಯ ಹಿಂದಿನದು ಮೂರು ಸ್ನಾನವಾದರೂ ಕದಲಿಲ್ಲ.

ತಮ್ಮ ವಿಶ್ವಾಸಿ,
ರೇಡಿಯೋ ರಿಪೇರಿಯವಳು

ವಿ.ಸೂ.: ತಮ್ಮಂಥವರನ್ನು ಮನೆಯಲ್ಲಿಟ್ಟುಕೊಂಡು ಹೇಗೆ ಬಾಳಿದರೆಂದು ತಮ್ಮ ಮನೆಯವರನ್ನು ಕೇಳಿ ತಿಳಿಯುವ ಆಸೆಯಿದೆ. ಉತ್ತರವನ್ನು ಅವರೇ ಬರೆಯಲಿ; ತಾವು ಅಂಚೆಪೆಟ್ಟಿಗೆಗೆ ಹಾಕಿಬಂದರೆ ಸಾಕು.