ನಿಂತ ಮೇಷ್ಟ್ರು, ಕೂರದ ಮೇಡಂ

ವಿಜ್ಞಾನದ ಮೇಷ್ಟ್ರಿಗೆ ನಿಲ್ಲುವುದರಲ್ಲಿ ತಕರಾರಿರಲಿಲ್ಲ. ಗೋಡೆ ಜೊತೆಗಿದ್ದರೆ ನಡೆಯುವುದೂ ಹೇಗೋ ನಡೆಯುತ್ತಿತ್ತು. ತಕರಾರೆಲ್ಲ ಏಳುವುದರಲ್ಲಿ. ಅವರಿಗಿದ್ದದ್ದು ಸ್ನಾಯುಗಳು ಒಂದೊಂದಾಗಿ ರಾಜೀನಾಮೆ ಕೊಡುವ ಕಾಯಿಲೆ; ಹೋದವು ಮತ್ತೆ ಕೆಲಸಕ್ಕೆ ಹಾಜರಾಗುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಈ ವರ್ಷ ತೊಡೆಗಳ ಸರದಿ. ಕುರ್ಚಿಯಿಂದ ಏಳಬೇಕೆಂದರೆ ಅಂಚಿಗೆ ಜಾರಿ, ಮುಂದಕ್ಕೆ ಬಾಗಿ, ಮಂಡಿಗೆ ಕೈಯೂರಿ, ತಮ್ಮ ಮೈಯನ್ನು ತಾವೇ ಏಣಿಯಂತೆ ಹತ್ತಬೇಕು. (ಇದಕ್ಕೆ ಅವರಿಟ್ಟ ಹೆಸರು ‘ಉತ್ಥಾನ ಪರ್ವ’. ಹೆಂಡತಿ ಇಟ್ಟದ್ದು ‘ಏಳೋ ಗೋಳು’.) ಎಷ್ಟೋ ಸಲ ಹೆಂಡತಿಯೇ ಹಿಂದಿನಿಂದ ಎತ್ತಬೇಕಿತ್ತು.

ಇಂಥದ್ದರಲ್ಲಿ ಶಾಲೆಯ ದೊಡ್ಡ ಮೇಡಂ, ಸಂಜೆ ಮನೆಗೆ ಬರುತ್ತೇನೆಂದು ಫೋನ್ ಮಾಡಿದರು.

“ಕೆಲಸಕ್ಕೆ ಕುತ್ತು ಬಂತು ಕಣೇ! ನಾನು ಏಳೋಕೆ ಒದ್ದಾಡೋದನ್ನ ನೋಡಿದ್ರೆ ನಾಳೇನೇ ಬಿಡಿಸಿಬಿಡ್ತಾರೆ.”

“ನೋಡ್ಲಿ ಬಿಡ್ರೀ. ಇರೋದನ್ನ ಇರೋ ಹಾಗೆ ಹೇಳಿ.”

“ನೀನು ಸುಮ್ನಿರು. ಕೂತವನು ತಾನೇ ಏಳಬೇಕು? ನಾನು ಕೂರೋದೇ ಇಲ್ಲ!”

ತರ್ಕದಲ್ಲಿ ಲೋಪವಿರಲಿಲ್ಲ. ಬಾಗಿಲು ಬಡಿಯುವ ಮೊದಲೇ ಹೆಂಡತಿ ಅವರನ್ನು ಎತ್ತಿ, ಬೀರುವಿಗೆ ಆನಿಸಿ ನಿಲ್ಲಿಸಿದರು. ಮೇಷ್ಟ್ರು ಮಂಡಿಗಳಿಗೆ ಬೀಗ ಹಾಕಿದಂತೆ ನೆಟ್ಟಗೆ ನಿಂತು ಮುಗುಳ್ನಕ್ಕರು.

“ಬನ್ನಿ ಮೇಡಂ, ಕೂತ್ಕೊಳ್ಳಿ.”

“ಹಿರಿಯರು ನೀವು ನಿಂತಿರುವಾಗ ನಾನು ಕೂರೋದಾ? ನೀವು ಮೊದಲು.”

“ನನಗೆ ನಿಂತೇ ಅಭ್ಯಾಸ ಮೇಡಂ.”

“ಹಾಗಾದ್ರೆ ನನಗೂ ಪರವಾಗಿಲ್ಲ.”

ಮೂರು ಕುರ್ಚಿಗಳ ನಡುವೆ ಮೂವರೂ ಬಸ್ಸಿಗೆ ಕಾಯುವವರಂತೆ ನಿಂತರು. ಮೇಡಂ ನಿಂತೇ ಚಹಾ ಕುಡಿದರು. ಮೇಷ್ಟ್ರು ತಮ್ಮ ಲೋಟವನ್ನು ಮುಟ್ಟಲಿಲ್ಲ. (ಎತ್ತಲು ಒಂದು ಕೈ ಬೇಕು, ಆ ಕೈ ಬಿಟ್ಟರೆ ಬೀರುವೂ ಬಿಟ್ಟಂತೆ.) ಪರೀಕ್ಷೆಯ ಮಾತಾಯಿತು, ಮಕ್ಕಳ ಮಾತಾಯಿತು. ಮೇಷ್ಟ್ರ ಬೆನ್ನಲ್ಲಿ ಬೆವರು ಇಳಿಯಿತು, ಮೊಣಕಾಲು ನಡುಗಿತು. ಮುಗುಳ್ನಗೆ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಮೇಡಂ ಲೋಟ ಕೆಳಗಿಟ್ಟು, “ಜನ ಏನೇನೋ ಅಂತಾರೆ ನೋಡಿ. ನಿಮಗೆ ಏಳೋಕೂ ಆಗಲ್ಲ ಅಂದಿದ್ರು. ಕೆಳಗಿನ ಕೋಣೇಲಿ ಕೂತು ಪ್ರಶ್ನೆಪತ್ರಿಕೆ ಮಾಡೋ ಕೆಲಸ ನಿಮಗೇ ಕೊಡೋಣ ಅಂತ ಬಂದೆ. ಇಷ್ಟು ಗಟ್ಟಿಯಾಗಿದೀರಿ, ಸಂತೋಷ! ಅದನ್ನ ಗಣಿತದವರಿಗೆ ಕೊಡ್ತೀನಿ. ಮೇಲಿನ ಮಹಡಿಯ ಲ್ಯಾಬು ನಿಮ್ಮದೇ ಇರಲಿ,” ಎಂದರು.

ಮೇಷ್ಟ್ರ ಮಂಡಿಯ ಬೀಗ ಆ ಕ್ಷಣ ಕಳಚಿತು. ಹೆಂಡತಿ ಕೆಳಗೆ ಕುರ್ಚಿ ತಳ್ಳದಿದ್ದರೆ ನೆಲವೇ ಗತಿಯಾಗುತ್ತಿತ್ತು.

“ಮೇಡಂ, ಜನ ಹೇಳಿದ್ದು ನಿಜ. ನನಗೆ ಏಳೋಕೆ ಆಗಲ್ಲ.”

ಮೇಡಂ ನಕ್ಕುಬಿಟ್ಟರು. “ಕೆಳಗಿನ ಕೋಣೆ ಅಂದ ಕೂಡಲೇ ಕಾಲು ಹೋಯ್ತಾ ಮೇಷ್ಟ್ರೇ? ಎಲ್ಲಿ, ಏಳಿ ನೋಡೋಣ.”

ಬಚ್ಚಿಡಬೇಕೆಂದು ಇಷ್ಟೆಲ್ಲ ಮಾಡಿದ್ದನ್ನೇ ಈಗ ಪ್ರದರ್ಶಿಸಬೇಕಾಯಿತು. ಅಂಚಿಗೆ ಜಾರಿದರು, ಬಾಗಿದರು, ಮಂಡಿಗೆ ಕೈಯೂರಿದರು. ಏಳಲಾಗದವರಂತೆ ನಟಿಸುವ ಪ್ರಮೇಯವೇ ಬರಲಿಲ್ಲ. ಇದ್ದ ಬಲವೆಲ್ಲ ಹಾಕಿಯೂ ಅರ್ಧಕ್ಕೆ ಬಂದು ಧೊಪ್ಪನೆ ಕುಸಿದರು. ಹೆಂಡತಿ ಮುಂದೆ ಬಂದರು.

“ಬೇಡ. ಪ್ರಯೋಗ ಒಂದೇ ಸಲ ಮಾಡಿದ್ರೆ ಯಾರೂ ಒಪ್ಪಲ್ಲ,” ಎಂದು ಮೇಷ್ಟ್ರು ಮತ್ತೊಮ್ಮೆ ತಮ್ಮ ಮೈಯನ್ನು ಹತ್ತತೊಡಗಿದರು. ಈ ಸಲ ಅರ್ಧದವರೆಗೂ ಬರಲಿಲ್ಲ.

ಮೇಡಂ ನಗು ಎಲ್ಲಿ ಹೋಯಿತೋ. “ಸಾಕು... ಸಾಕು ಮೇಷ್ಟ್ರೇ. ಕೆಳಗಿನ ಕೋಣೆ ನಿಮ್ಮದೇ,” ಎಂದವರು ಅವರ ಮುಖ ನೋಡಲಾಗದೆ ಬಾಗಿಲ ಕಡೆ ತಿರುಗಿದರು.

ಬಂದವರನ್ನು ಕೂತೇ ಕಳಿಸಿ ಗೊತ್ತಿಲ್ಲದ ಮೇಷ್ಟ್ರು, ಬೀಳ್ಕೊಡಲು ಮತ್ತೆ ಅಂಚಿಗೆ ಜಾರತೊಡಗಿದರು. ಹೆಂಡತಿ ಅವರ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಅದುಮಿದರು.

“ಇನ್ನೂ ಯಾಕ್ರೀ ಏಳ್ತೀರ? ಪರೀಕ್ಷೆ ಪಾಸಾಯ್ತಲ್ಲ.”