ಕೆಂಪಿಯ ಮೇಲೆ ಬಂದ ಅಪವಾದ

ಬೆಳಿಗ್ಗೆ ದರ್ಜಿಯ ಹಸುವಿನ ಹಾಲು ಗರಣೆಗರಣೆಯಾಗಿ ಬಂತು. ಅದು ಕೆಚ್ಚಲು ಬಾವು ಎಂದು ತಿಳಿಯುವಷ್ಟರಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಕ್ಕನ ಹಸುವಿಗೂ ಕೆಚ್ಚಲು ಊದಿದ ಸುದ್ದಿ ಬಂತು. ಮೇಷ್ಟ್ರ ಹಸುವಂತೂ ಮುಟ್ಟಗೊಡದೆ ಒದೆಯಿತು.

ಒದೆ ತಿಂದವನು ಬೀಗ ರಿಪೇರಿಯವನು. ಬೀಗ ಬಿಚ್ಚಿ ಪಳಗಿದ ಬೆರಳು ಬಲು ಮೃದು ಎಂದು ಹೊಗಳಿ, ಈ ಮೂರು ಮನೆಯವರೂ ಹಾಲು ಕರೆಯುವ ಕೆಲಸವನ್ನು ಅವನ ತಲೆಗೆ ಕಟ್ಟಿದ್ದರು. ಇಲ್ಲ ಎನ್ನುವ ಮಾತು ಪಾಪ ಅವನ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ.

"ಇದೆಲ್ಲ ನಿಮ್ಮ ಕೆಂಪಿ ಬಂದ್ಮೇಲೆ ಶುರುವಾಗಿದ್ದು," ಎಂದ ದರ್ಜಿ, ಬೀಗದವನ ಮನೆ ಬಾಗಿಲಲ್ಲಿ ನಿಂತು.

ಕೆಂಪಿ ಹೋದ ತಿಂಗಳಷ್ಟೇ ಬೀಗದವನ ಹೆಂಡತಿಯ ತವರಿನಿಂದ ಬಂದ ಹಸು.

"ಸಂಜೆ ದನದ ಡಾಕ್ಟರು ಬಂದು ನಾಲ್ಕೂ ಹಸುವಿನ ಹಾಲು ನೋಡ್ತಾರೆ. ಕೆಂಪಿಗೆ ರೋಗ ಇದ್ರೆ ಅದನ್ನ ಈ ಬೀದಿಯಿಂದ ಆಚೆ ಸಾಗಿಸಿಬಿಡಿ," ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ಒಳಗಿನಿಂದ ಹೆಂಡತಿಯ ದನಿ ಬಂತು: "ಅವಳು ಹೋದ್ರೆ ಹಗ್ಗ ಹಿಡ್ಕೊಂಡು ನಾನೂ ಹೋಗ್ತೀನಿ. ಆಮೇಲೆ ನಿಮಗೆ ಮೇಷ್ಟ್ರೇ ಬೇಯಿಸಿಹಾಕಲಿ."

ಹೆಂಡತಿ ಆಡಿದ್ದನ್ನು ಮಾಡದೆ ಬಿಟ್ಟವಳಲ್ಲ.

ಗಿರಣಿ ಅಕ್ಕ ಕೊಟ್ಟಿಗೆಗೆ ಫಿನೈಲ್ ಹಾಕಲು ಹೇಳಿದಳು. ಬೀಗದವನು ಇಡೀ ಬಾಟಲಿ ಸುರಿದು, ಅದರಲ್ಲೇ ಜಾರಿ ಬಿದ್ದ. ಸೊಂಟ ನೀವಿಕೊಳ್ಳುವಾಗ ಇನ್ನೊಂದು ಉಪಾಯ ಹೊಳೆಯಿತು. ಹಸುವೇ ಕಾಣದಿದ್ದರೆ ಡಾಕ್ಟರು ಏನನ್ನು ನೋಡುತ್ತಾರೆ? ಹೆಂಡತಿ ಬಾವಿಯ ಕಡೆ ಹೋದಾಗ ಕೆಂಪಿಯನ್ನು ಮೆಲ್ಲಗೆ ನಡೆಸಿಕೊಂಡು ಹೋಗಿ, ತನ್ನ ಅಂಗಡಿಗೆ ನುಗ್ಗಿಸಿ, ಅಲ್ಲಿದ್ದವುಗಳಲ್ಲೇ ಅತಿ ಗಟ್ಟಿಯಾದ ಬೀಗ ಜಡಿದ.

ಡಾಕ್ಟರು ಬಂದರು. ಒಳಗಿನಿಂದ ಕೆಂಪಿ ಬೀದಿಗೆಲ್ಲ ಕೇಳುವಂತೆ ಅಂಬಾ ಎಂದಿತು.

"ತೆಗೀರಿ," ಎಂದರು ಡಾಕ್ಟರು.

ಅವಸರದಲ್ಲಿ ತಿರುವಿದ ಕೀಲಿ ಬೀಗದೊಳಗೇ ಮುರಿಯಿತು. ಊರವರ ಬೀಗವನ್ನೆಲ್ಲ ತೆಗೆದವನು ತನ್ನ ಬೀಗದ ಮುಂದೆ ಬೆವರುತ್ತ ಕೂತ. ಆಳಿಗೊಂದು ಸಲಹೆ ಬಂತು. ಕೊನೆಗೆ ಹೆಂಡತಿ ಬಂದು ಕಲ್ಲಿನಿಂದ ನಾಲ್ಕೇಟು ಹಾಕಿ ಬಾಗಿಲು ತೆಗೆದಳು. ಗಂಡನಿಗೂ ಒಂದು ಬೀಳಬಹುದೆಂದು ಜನ ಕಾದರು. ಬೀಳಲಿಲ್ಲ.

ಡಾಕ್ಟರು ಒಂದೊಂದೇ ಹಸುವಿನ ಹಾಲನ್ನು ತಟ್ಟೆಗೆ ಹಿಂಡಿ, ಔಷಧಿ ಬೆರೆಸಿ ಅಲ್ಲಾಡಿಸಿದರು. ದರ್ಜಿಯ ಹಸುವಿನದು ಗೋಂದಿನಂತೆ ಗಟ್ಟಿಯಾಯಿತು. ಅಕ್ಕನದೂ, ಮೇಷ್ಟ್ರದೂ ಹಾಗೇ ಆಯಿತು. ಕೊನೆಗೆ ಕೆಂಪಿಯ ಸರದಿ. ಬೀಗದವನು ಕಣ್ಣು ಮುಚ್ಚಿಕೊಂಡ.

"ಇದಕ್ಕೆ ಏನೂ ಇಲ್ಲ. ಹಾಲು ಸ್ವಚ್ಛವಾಗಿದೆ," ಎಂದರು ಡಾಕ್ಟರು.

ಹೋದ ಜೀವ ಬಂದಂತಾಯಿತು. ಕೆಂಪಿ ಉಳಿದಳು, ಹೆಂಡತಿ ಉಳಿದಳು, ಊಟವೂ ಉಳಿಯಿತು. ಕೆಂಪಿಯ ಕುತ್ತಿಗೆ ತಬ್ಬಿಕೊಂಡು ಬೀಗದವನು ನಾಚಿಕೆ ಬಿಟ್ಟು ಅತ್ತ.

ಡಾಕ್ಟರು ಮಾತ್ರ ಇನ್ನೂ ತಟ್ಟೆ ನೋಡುತ್ತಿದ್ದರು. "ಈ ರೋಗಾಣು ಕೆಚ್ಚಲಿಂದ ಕೆಚ್ಚಲಿಗೆ ದಾಟೋದು ಕರೆಯೋರ ಕೈಯಿಂದ. ಆ ಮೂರು ಹಸು ಕರೆಯೋರು ಯಾರು?"

ಮೂರು ಮನೆಯವರೂ ಬೀಗದವನತ್ತ ತಿರುಗಿದರು.

"ಒಂದು ಹಸು ಆದ್ಮೇಲೆ ಸೋಪು ಹಾಕಿ ಕೈ ತೊಳೀತೀರಾ?"

"ಪಂಚೆಗೆ ಒರೆಸ್ಕೋತೀನಿ ಸಾರ್."

"ಮತ್ತೆ ಕೆಂಪೀನ ಯಾರು ಕರೀತಾರೆ?"

"ನಾನೇ ಕರೆಯೋದು," ಎಂದಳು ಹೆಂಡತಿ. "ಇವರ ಕೈ ನೋಡಿದೀನಲ್ಲ, ಅವಳನ್ನ ಮುಟ್ಟೋಕೆ ಬಿಟ್ಟಿಲ್ಲ."

ದರ್ಜಿ ಮೆಲ್ಲಗೆ ಅಂಗಿಯ ತೋಳು ಮಡಚತೊಡಗಿದ.

ಬೀಗದವನು ಹೆಂಡತಿಯ ಸೆರಗಿನ ಮರೆಗೆ ಸರಿದು ಪಿಸುಗುಟ್ಟಿದ: "ಹೇಗೋ ಕೆಂಪಿ ಇಲ್ಲೇ ಇರ್ತಾಳಲ್ಲ, ಬಿಡು."

"ಕೆಂಪಿ ಇರ್ತಾಳೆ," ಎಂದಳು ಅವಳು, ಹಗ್ಗ ಬಿಚ್ಚುತ್ತ. "ನಿಮ್ಮ ವಿಚಾರ ಮೇಷ್ಟ್ರನ್ನ ಕೇಳ್ಕೊಳ್ಳಿ."