ಅರ್ಬಾಬರ ರೈಫಲ್ಲಿಗೆ ಒಪ್ಪುವ ತೋಟೆ

ಬಯೋಡೇಟಾ ಬರೆಯುವಾಗ ಮನುಷ್ಯ ಕೊನೆಯ ಸಾಲಿನ ಬಗ್ಗೆ ಎಚ್ಚರವಾಗಿರಬೇಕು. ಹೆಸರು, ತಂದೆಯ ಹೆಸರು, ಬಿ.ಕಾಂ., ಟೈಪಿಂಗ್ ಹೈಯರ್ ಗ್ರೇಡ್, ಇಷ್ಟರವರೆಗೆ ನಾನು ಸತ್ಯವನ್ನೇ ಬರೆದಿದ್ದೆ. ಆದರೂ ಹಾಳೆಯ ಕೆಳಗೆ ಎರಡು ಇಂಚು ಜಾಗ ಉಳಿಯಿತು. ಖಾಲಿ ಬಿಟ್ಟರೆ ಬೊಂಬಾಯಿಯ ಏಜೆಂಟ್ ಏನು ತಿಳಿದುಕೊಳ್ಳುತ್ತಾನೋ ಎಂದು ‘ಎನ್‌ಸಿಸಿಯಲ್ಲಿ ರೈಫಲ್ ಶೂಟಿಂಗ್ ಅನುಭವ’ ಎಂದು ಸೇರಿಸಿದೆ. ಅದೂ ಸುಳ್ಳಲ್ಲ. ಕುಂದಾಪುರದಲ್ಲಿ ಕಾಲೇಜು ಓದುವಾಗ ನನಗೆ ಐದು ಗುಂಡು ಕೊಟ್ಟಿದ್ದರು, ಐದನ್ನೂ ಹಾರಿಸಿದ್ದೆ. ನನ್ನ ಹಲಗೆಯಲ್ಲಿ ಒಂದು ತೂತೂ ಸಿಗಲಿಲ್ಲ. ಪಕ್ಕದವನ ಹಲಗೆಯಲ್ಲಿ ಮಾತ್ರ ಎಂಟು ತೂತು ಸಿಕ್ಕಿ ಅವನಿಗೆ ಬಹುಮಾನ ಬಂತು.

ಆ ಸಾಲನ್ನು ನಾನು ಮರೆತೇಬಿಟ್ಟಿದ್ದೆ. ಬಹರೈನಿಗೆ ಬಂದು, ಮನಾಮಾದಲ್ಲಿ ಪಂಪು, ಬೇರಿಂಗು ಮಾರುವ ಒಂದು ಕಂಪೆನಿಯಲ್ಲಿ ಟೈಪಿಸ್ಟ್ ಕಮ್ ಗುಮಾಸ್ತನಾಗಿ ಮೂರು ವರ್ಷ ಕಳೆದಿತ್ತು. ನಡುವೆ ರಜೆಯಲ್ಲಿ ಊರಿಗೆ ಹೋಗಿ ಮದುವೆಯೂ ಆಗಿ ಬಂದಿದ್ದೆ. ಹೆಂಡತಿ ಸುಮತಿ ಊರಿನಲ್ಲಿ, ನಾನು ಗುಫೂಲಿನ ಒಂದು ಫ್ಲ್ಯಾಟಿನ ಅರ್ಧ ಕೋಣೆಯಲ್ಲಿ. ಅವಳನ್ನು ಕರೆಸಿಕೊಳ್ಳಬೇಕಾದರೆ ಎನ್‌ಒಸಿ ಎಂಬ ಕಾಗದಕ್ಕೆ ಯಜಮಾನರ ಸಹಿ ಬೇಕು. ಯಜಮಾನರನ್ನು ಅಲ್ಲಿ ಎಲ್ಲರೂ ಅರ್ಬಾಬ್ ಎನ್ನುತ್ತಾರೆ. ಕಾಗದವನ್ನು ನಾನೇ ಟೈಪ್ ಮಾಡಿ, ಮಡಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದೆ. ಅರ್ಬಾಬರ ಮನಸ್ಸು ಖುಷಿಯಾಗಿರುವ ಹೊತ್ತು ನೋಡಿ ಕೇಳುವುದು ಎಂದು ತೀರ್ಮಾನಿಸಿದ್ದೆ. ದೊಡ್ಡವರ ಹತ್ತಿರ ಕೇಳುವುದಕ್ಕೆ ಒಂದು ಹೊತ್ತುಗೊತ್ತು ಇರುತ್ತದೆ ಎಂದು ನಮ್ಮ ಮನೆಯಲ್ಲಿ ಕಲಿಸಿದ್ದರು. ನನ್ನ ತಂದೆ ಇಂಥದೇ ಹೊತ್ತು ಕಾಯುತ್ತಾ ಗುಮಾಸ್ತರಾಗಿಯೇ ನಿವೃತ್ತರಾದರು.

ಹೀಗಿರುವಾಗ ಒಂದು ದಿನ ಅರ್ಬಾಬ್ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ನನ್ನ ಹಳೆಯ ಬಯೋಡೇಟಾ ಇತ್ತು. ಅದರ ಪಕ್ಕದಲ್ಲಿ ಒಂದು ಉದ್ದನೆಯ ರೈಫಲ್ ಮಲಗಿತ್ತು. ಅವರ ತಂದೆ ಬೊಂಬಾಯಿಯಲ್ಲಿ ಮುತ್ತಿನ ವ್ಯಾಪಾರ ಮಾಡಿದವರು, ಆದ್ದರಿಂದ ಅರ್ಬಾಬರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. “ಉಸ್ತಾದ್, ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಎಂದರು. ಶರತ್ಕಾಲದಲ್ಲಿ ಅವರು ಸ್ಕಾಟ್ಲೆಂಡಿಗೆ ಜಿಂಕೆ ಬೇಟೆಗೆ ಹೋಗುವವರಿದ್ದರು. ಅಲ್ಲಿಯ ಜಿಂಕೆ ಮುನ್ನೂರು ಗಜದ ಒಳಗೆ ಮನುಷ್ಯನನ್ನು ಬಿಟ್ಟುಕೊಳ್ಳುವುದಿಲ್ಲವಂತೆ. ರೈಫಲ್ ಇದೆ, ಅದರ ಮೇಲೆ ದೂರದರ್ಶಕ ಇದೆ, ಪರವಾನಗಿ ಇದೆ. ಇಲ್ಲದ್ದು ಒಂದೇ, ಗುರಿ ಇಟ್ಟಲ್ಲಿಗೇ ಹೋಗುವ ತೋಟೆ. ಅದನ್ನು ಹುಡುಕಿಕೊಡುವುದು ನನ್ನ ಕೆಲಸ.

ನಾನು ಅದುವರೆಗೆ ಜಿರಳೆಯನ್ನೂ ಕೊಂದವನಲ್ಲ. ಕೊಲ್ಲಬಾರದೆಂದಲ್ಲ, ಚಪ್ಪಲಿ ಎತ್ತುವಷ್ಟರಲ್ಲಿ ಅದು ಹೋಗಿರುತ್ತಿತ್ತು. ಆದರೂ “ಆಗಬಹುದು ಅರ್ಬಾಬ್” ಎಂದೆ. ಇಂಗ್ಲೆಂಡಿನ ಒಂದು ಅಂಗಡಿಗೆ, ನಿಮ್ಮಲ್ಲಿರುವ ಎಲ್ಲಕ್ಕಿಂತ ಗುರಿ ತಪ್ಪದ ತೋಟೆಯನ್ನು ದಯಮಾಡಿ ಕಳುಹಿಸಿ ಎಂದು ಟೆಲೆಕ್ಸ್ ಕೊಟ್ಟೆ. ಬೇರಿಂಗ್ ತರಿಸುವುದು ಹಾಗೆಯೇ. ಅವರಿಂದ ಒಂದೂವರೆ ಗಜ ಉದ್ದದ ಉತ್ತರ ಬಂತು. ಗುಂಡಿನ ತೂಕ ನೂರಮೂವತ್ತು ಗ್ರೇನೋ ನೂರೈವತ್ತೋ, ತುದಿ ಚೂಪೋ ಮೊಂಡೋ ಎಂದು ವಿಚಾರಿಸಿ, ಕೊನೆಗೆ ಒಂದು ಮಾತು ಬರೆದಿದ್ದರು: ಒಂದೊಂದು ರೈಫಲ್ಲಿಗೆ ಒಂದೊಂದು ತೋಟೆ ಒಪ್ಪುತ್ತದೆ, ಯಾವುದೆಂದು ಹಾರಿಸಿಯೇ ನೋಡಬೇಕು.

ನನ್ನ ಕೋಣೆಯ ಇನ್ನರ್ಧದಲ್ಲಿ ಲಾರೆನ್ಸ್ ಇದ್ದ. ಶಿರ್ವದ ಕಡೆಯವನು, ಟುಬ್ಲಿಯ ಗ್ಯಾರೇಜಿನಲ್ಲಿ ಫೋರ್‌ಮನ್. ಅವನಿಗೆ ಇದು ಕೂಡಲೇ ಅರ್ಥವಾಯಿತು. “ಅದ್ರಲ್ಲಿ ಎಂತ ಉಂಟು ಮಾರಾಯ? ನಮ್ಮ ಹೊಟ್ಟೆಗೆ ಕುಚ್ಚಲಕ್ಕಿಯೇ ಆಗ್ಬೇಕು, ಬಾಸ್ಮತಿ ಎಷ್ಟು ತಿಂದ್ರೂ ಉಂಡ ಹಾಗೆ ಆಗುದಿಲ್ಲ. ಅದೇ ಲೆಕ್ಕ” ಎಂದ. ಆಮೇಲೆ, “ಅದಿರ್ಲಿ, ನಿನ್ನ ಕಾಗದಕ್ಕೆ ಸೈನ್ ಹಾಕಿಸಿದ್ಯಾ?” ಎಂದು ಕೇಳಿದ. ತೋಟೆ ಸಿಕ್ಕಿದ ಮೇಲೆ ಕೇಳುತ್ತೇನೆ ಎಂದೆ. ಸುಮತಿಗೂ ಹಾಗೆಯೇ ಬರೆದೆ. ‘ಒಂದು ಮುಖ್ಯ ತೋಟೆಯ ವಿಷಯ ಇತ್ಯರ್ಥವಾದ ಕೂಡಲೇ ನಿನ್ನನ್ನು ಕರೆಸಿಕೊಳ್ಳುವೆ’ ಎಂಬ ಪತ್ರವನ್ನು ಓದಿ ಮಾವನವರು ನನ್ನ ಉದ್ಯೋಗದ ಬಗ್ಗೆ ಯಾರು ಯಾರಲ್ಲಿ ವಿಚಾರಿಸಿದರೆಂದು ಆಮೇಲೆ ತಿಳಿಯಿತು.

ಕೆಂಪು, ಹಸಿರು, ಹಳದಿ ಪೆಟ್ಟಿಗೆಗಳಲ್ಲಿ ಮೂರು ತರದ ತೋಟೆ ಬಂದವು. ಜುಲೈ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಐದಕ್ಕೆ ಅರ್ಬಾಬರ ಜೀಪು ಗುಫೂಲಿಗೆ ಬಂತು. ನಾನು ಇಸ್ತ್ರಿ ಅಂಗಿ ಹಾಕಿ ಕೆಳಗೆ ನಿಂತಿದ್ದೆ. ದಕ್ಷಿಣದಲ್ಲಿ ಅವರ ಬೇಲಿ ಹಾಕಿದ ಬಯಲೊಂದಿತ್ತು, ಹಿಂದೆ ಮಣ್ಣಿನ ದಿಬ್ಬ. ಬಿಸಿಲಿಗೆ ತೋಟೆ ಕಾದರೆ ಗುಂಡು ಮೇಲೆ ಹೋಗುತ್ತದೆಂದೂ, ಸ್ಕಾಟ್ಲೆಂಡಿನಲ್ಲಿ ಚಳಿಯೆಂದೂ, ತೋಟೆಗಳನ್ನು ಐಸ್ ಪೆಟ್ಟಿಗೆಯಲ್ಲಿ ಒಯ್ಯಬೇಕಾಯಿತು. ಪೆಟ್ಟಿಗೆ ಲಾರೆನ್ಸನದು. ಅದರಲ್ಲಿ ಅವನು ಬಂಗುಡೆ ತರುತ್ತಿದ್ದುದರಿಂದ ನಮ್ಮ ಗುಂಡುಗಳೆಲ್ಲ ಮೀನಿನ ವಾಸನೆ ಹೊಡೆಯುತ್ತ ಹೊರಟವು.

ಅರ್ಬಾಬ್ ಕಂಬಳಿಯ ಮೇಲೆ ಮಲಗಿ ಮೂರು ಗುಂಡು ಹಾರಿಸುವರು. ಬಿಸಿಲಿನ ಝಳಕ್ಕೆ ಕಾಗದದ ತೂತು ದೂರದರ್ಶಕದಲ್ಲೂ ಕಾಣದು; ಆದ್ದರಿಂದ ನಾನು ಮುನ್ನೂರು ಗಜ ನಡೆದು, ನೋಡಿ, ಹಾಳೆ ಬದಲಿಸಿ, ಹಿಂದೆ ಬರಬೇಕು. ಮೂರು ತೂತು ಎಷ್ಟು ಹತ್ತಿರ ಬಿದ್ದಿವೆ ಎಂಬುದೇ ಮುಖ್ಯ, ಎಲ್ಲಿ ಬಿದ್ದರೂ ಚಿಂತೆಯಿಲ್ಲ, ಅದನ್ನು ಆಮೇಲೆ ದೂರದರ್ಶಕದ ತಿರುಪು ತಿರುಗಿಸಿ ಸರಿಮಾಡಬಹುದು. ಮೂರನೆಯ ಶುಕ್ರವಾರ ಕೆಂಪು ಪೆಟ್ಟಿಗೆಯ ಮೂರೂ ಗುಂಡು ಒಂದು ಟೀ ಸಾಸರಿನಡಿ ಮುಚ್ಚುವಷ್ಟು ಹತ್ತಿರ ಬಿದ್ದವು. ನಾನು ಓಡಿಕೊಂಡೇ ಬಂದೆ. ಅರ್ಬಾಬ್ “ಒಳ್ಳೆಯದು” ಎಂದರು. ನನ್ನ ಕೈ ಕಿಸೆಗೆ ಹೋಯಿತು. ಆದರೆ ಬರೀ ‘ಒಳ್ಳೆಯದು’ ಎನ್ನುವುದು ಖುಷಿಯ ಲಕ್ಷಣವೇ? ಇರಲಿ ಎಂದು, “ಮುಂದಿನ ವಾರ ಬರಲಾ ಅರ್ಬಾಬ್?” ಎಂದೆ. “ನಿನಗೆ ಇಷ್ಟವಿದ್ದರೆ” ಎಂದರು. ಯಜಮಾನರು ನಿನಗೆ ಇಷ್ಟವಿದ್ದರೆ ಎಂದರೆ ಅದು ಅಪ್ಪಣೆ ಎಂದು ಯಾವ ಗುಮಾಸ್ತನಿಗೆ ಗೊತ್ತಿಲ್ಲ? ಕೈಯನ್ನು ಕಿಸೆಯಿಂದ ಹೊರತೆಗೆದೆ.

ಹೀಗೆ ಒಂಬತ್ತು ಶುಕ್ರವಾರ. ಊರಿನಿಂದ ವಾರಕ್ಕೊಂದು ಪತ್ರ ಬರುತ್ತಿತ್ತು. ಮೊದಮೊದಲು ನಾಲ್ಕು ಪುಟ, ಆಮೇಲೆ ಎರಡು, ಕೊನೆಯದರಲ್ಲಿ ‘ಕೇಳಿದಿರಾ?’ ಎಂಬ ಒಂದೇ ಮಾತು. ಅದನ್ನು ಓದಿ ನನಗೆ ಎರಡು ದಿನ ಊಟ ಸೇರಲಿಲ್ಲ. ಕಿಸೆಯಲ್ಲಿದ್ದ ಕಾಗದ ಬೆವರಿಗೆ ನೆನೆದು ಹಾಳಾಗಿ ಮೂರು ಸಲ ಹೊಸದು ಟೈಪ್ ಮಾಡಿದ್ದೆ. ಒಂಬತ್ತನೆಯ ಶುಕ್ರವಾರ ಹಸಿರು ಪೆಟ್ಟಿಗೆಯ ಸರದಿ. ನಡೆದು ಹೋಗಿ ನೋಡಿದರೆ ಒಂದು ತೂತು ಮೂಲೆಯಲ್ಲಿದೆ, ಉಳಿದೆರಡು ಗುಂಡು ಹಾಳೆಯ ಕಡೆಗೇ ಬಂದಿಲ್ಲ. ನಾನು ಅರ್ಬಾಬರಿಗೆ ಬೆನ್ನು ಹಾಕಿ ನಿಂತು, ಬಾಲ್ ಪೆನ್ ತೆಗೆದು, ಆ ತೂತಿನ ಪಕ್ಕದಲ್ಲೇ ಎರಡು ತೂತು ಚುಚ್ಚಿದೆ. ತುಂಬ ಹತ್ತಿರವಾದರೆ ಸಂಶಯ ಬಂದೀತೆಂದು ಅರ್ಧ ಇಂಚು ಬಿಟ್ಟೇ ಚುಚ್ಚಿದೆ. ಜೀವನದಲ್ಲಿ ನಾನು ಗುರಿ ತಪ್ಪದೆ ಹೊಡೆದದ್ದು ಅವೆರಡೇ.

ಅರ್ಬಾಬ್ ಹಾಳೆಯನ್ನು ಬಹಳ ಹೊತ್ತು ನೋಡಿದರು. ಕಣ್ಣಿನ ಹತ್ತಿರ ಹಿಡಿದರು, ಬಿಸಿಲಿಗೆ ಹಿಡಿದರು. “ಮಾಶಾ ಅಲ್ಲಾ” ಎಂದರು. ಕಾಗದ ತೆಗೆದು ಮುಂದೆ ಹಿಡಿದೆ. ಅವರು ಜೀಪಿನ ಬಾನೆಟ್ಟಿನ ಮೇಲಿಟ್ಟು, ನನ್ನ ಪೆನ್ನನ್ನೇ ಕೇಳಿ ಇಸಿದುಕೊಂಡು, ಸಹಿ ಹಾಕಿದರು.

ಅಕ್ಟೋಬರಿನಲ್ಲಿ ಸುಮತಿ ಬಂದಳು. ಅದೇ ತಿಂಗಳು ಅರ್ಬಾಬ್ ಸ್ಕಾಟ್ಲೆಂಡಿಗೆ ಹೋದರು. ಅವರು ತಿರುಗಿ ಬರುವವರೆಗೆ ನನಗೆ ಸರಿಯಾಗಿ ನಿದ್ದೆಯಿಲ್ಲ. ಹಸಿರು ತೋಟೆ ಕೈಕೊಟ್ಟರೆ ಅಲ್ಲಿಯವರ ಎದುರಿಗೆ ಅವರ ಮಾನ ಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ, ಆಗಷ್ಟೇ ಪಾತ್ರೆ ಜೋಡಿಸಿದ ಹೆಂಡತಿಯನ್ನು ಕರೆದುಕೊಂಡು ಊರಿಗೆ ಹೋಗಬೇಕಾಗುತ್ತದೆ. ಆದರೆ ಅರ್ಬಾಬ್ ನಗುತ್ತ ಬಂದರು. ಮೊದಲ ಗುಂಡಿಗೇ ಜಿಂಕೆ ಬಿತ್ತಂತೆ! ಹಾಗಾದರೆ ಹಸಿರು ಪೆಟ್ಟಿಗೆಯೇ ಸರಿಯಾದದ್ದು, ಅದು ನನ್ನ ಒಳಮನಸ್ಸಿಗೆ ಗೊತ್ತಿದ್ದೇ ಪೆನ್ನು ಆಡಿದ್ದು ಎಂದು ನನಗೆ ನಿಧಾನವಾಗಿ ನಂಬಿಕೆ ಬಂತು. ಲಾರೆನ್ಸನಿಗೆ ತೋಟೆಗಳ ಬಗ್ಗೆ ಸಣ್ಣ ಉಪನ್ಯಾಸವನ್ನೂ ಕೊಟ್ಟೆ.

ಒಂದು ಸಂಜೆ ಅರ್ಬಾಬ್ ಖರ್ಜೂರದ ಡಬ್ಬಿ ಹಿಡಿದು ನಮ್ಮ ಹೊಸ ಮನೆಗೆ ಬಂದರು. ಸುಮತಿ ಗೋಳಿಬಜೆ ಮಾಡಿದಳು. ಶಾಲೆಯಲ್ಲಿ ಹಿಂದಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವಳು, ಅರ್ಬಾಬರ ಜೊತೆ ನೇರವಾಗಿ ಮಾತಿಗಿಳಿದಳು. “ಇವರು ಹುಡುಕಿದ ತೋಟೆ ಚೆನ್ನಾಗಿತ್ತಂತಲ್ಲ?” ಎಂದಳು.

“ಬಹಳ ಚೆನ್ನಾಗಿತ್ತು. ಕೆಂಪು ಪೆಟ್ಟಿಗೆ” ಎಂದರು ಅರ್ಬಾಬ್.

ನಾನು ಗೋಳಿಬಜೆಯನ್ನು ಬಾಯಿಯ ಹತ್ತಿರವೇ ನಿಲ್ಲಿಸಿದೆ.

“ಅದು ಮೂರನೆಯ ವಾರವೇ ಗೊತ್ತಾಗಿತ್ತಲ್ಲ ಬೆಹೆನ್‌ಜೀ. ಒಂಬತ್ತನೆಯ ವಾರ ನಿಮ್ಮ ಗಂಡ ಪೆನ್ನಿನಿಂದ ಚುಚ್ಚಿದ್ದು ಹಸಿರಿಗೆ. ತೂತು ಕಾಣದಿದ್ದರೂ ಮನುಷ್ಯ ಕಾಣುತ್ತಾನೆ. ದೂರದರ್ಶಕದಲ್ಲಿ ಮೊಣಕೈ ಆಡುವುದು ಚೆನ್ನಾಗಿ ಕಾಣಿಸಿತು.” ಆಮೇಲೆ ನನ್ನ ಕಡೆ ತಿರುಗಿ, “ಹೆದರಬೇಡ, ರೈಫಲಿನ ಬೋಲ್ಟ್ ತೆಗೆದಿಟ್ಟಿದ್ದೆ, ಗುಂಡು ಹಾರುವ ಹಾಗಿರಲಿಲ್ಲ” ಎಂದರು.

“ಮೂರನೆಯ ವಾರವೇ ಗೊತ್ತಾಗಿದ್ದರೆ ಮತ್ತೆ ಆರು ವಾರ ಯಾಕೆ ಹೋದಿರಿ?” ಎಂದು ಸುಮತಿ ಕೇಳಿದಳು. ನಾನು ಕೇಳಬೇಕಾದ ಪ್ರಶ್ನೆ ಅದು.

“ಏನು ಮಾಡಲಿ? ಬರಲಾ ಬರಲಾ ಎಂದು ಇವನೇ ಕೇಳುತ್ತಿದ್ದ. ಬೆಳಿಗ್ಗೆ ಐದಕ್ಕೆ ಇಸ್ತ್ರಿ ಅಂಗಿ ಹಾಕಿ ನಿಂತಿರುತ್ತಿದ್ದ. ಹೆಂಡತಿ ಹತ್ತಿರವಿಲ್ಲ, ಪಾಪ, ಶುಕ್ರವಾರ ಒಬ್ಬನೇ ಏನು ಮಾಡುತ್ತಾನೆ ಎಂದು ನಿದ್ದೆ ಬಿಟ್ಟು ಬರುತ್ತಿದ್ದೆ. ನನ್ನ ಮನೆಯಲ್ಲಿ ದಿನವೂ ಬೈಗುಳ. ಇವನಿಗೆ ಬೇಕಾದದ್ದು ಒಂದು ಸಹಿ ಎಂದು ಮೊದಲ ದಿನ ಹೇಳಿದ್ದರೆ ಮೊದಲ ದಿನವೇ ಹಾಕುತ್ತಿದ್ದೆ.”

ಸುಮತಿ ನನ್ನ ಕಡೆ ನೋಡಿ ಕನ್ನಡದಲ್ಲಿ, “ಅಲ್ಲ ಮಾರಾಯ್ರೆ, ನೀವು ಕೇಳ್ಲೇ ಇಲ್ವಾ?” ಎಂದಳು. ಹೊತ್ತು ನೋಡುತ್ತಿದ್ದೆ ಎಂದೆ. ನಾಲ್ಕು ಪುಟದಿಂದ ಒಂದು ಮಾತಿಗಿಳಿದ ಆ ಪತ್ರಗಳು ಅವಳ ಮುಖದಲ್ಲಿ ಒಂದೊಂದಾಗಿ ಕಂಡವು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅರ್ಬಾಬ್ ಎದ್ದರು. ಬಾಗಿಲ ಹತ್ತಿರ ನಿಂತು, ಸ್ವಲ್ಪ ಅನುಮಾನಿಸಿ, “ಉಸ್ತಾದ್, ಈ ಶುಕ್ರವಾರ...?” ಎಂದರು. ನನ್ನ ಬಾಯಿ ತಾನಾಗಿಯೇ “ಖಂಡಿತ ಅರ್ಬಾಬ್, ಐದಕ್ಕೆ ಕೆಳಗೆ ನಿಂತಿರುತ್ತೇನೆ” ಎಂದಿತು. ಅವರ ಮುಖ ಸಪ್ಪಗಾಯಿತು.

“ಶುಕ್ರವಾರ ಇವರು ಬರುವುದಿಲ್ಲ” ಎಂದಳು ಸುಮತಿ, ಶುದ್ಧ ಹಿಂದಿಯಲ್ಲಿ.

“ಅಲ್‌ಹಮ್ದುಲಿಲ್ಲಾ, ದೇವರ ದಯೆ!” ಎಂದು ಅರ್ಬಾಬ್ ಎದೆಯ ಮೇಲೆ ಕೈಯಿಟ್ಟುಕೊಂಡರು. ನನಗೂ ಹಾಗೆಯೇ ಅನ್ನಬೇಕೆನಿಸಿತು. ಯಜಮಾನರ ಎದುರಿಗೆ ಹೇಗೆ ಅನ್ನುವುದೆಂದು ಸುಮ್ಮನಿದ್ದೆ.